ಬಲಗೈಯಿಂದ ಹೋದ ವೈರ್ ಕೆಳಕ್ಕೇ ಇಳಿದಾಗ: ಒಂದು ಪ್ರಕರಣ ಅಧ್ಯಯನ

ಮಣಿಕಟ್ಟಿನಿಂದ ಹೃದಯದ ಆಂಜಿಯೋಗ್ರಾಂ (ಎಕ್ಸ್‌ರೇಯಲ್ಲಿ ಕಾಣುವ ಡೈ ಎಂಬ ದ್ರವ ಬಿಟ್ಟು ರಕ್ತನಾಳಗಳ ಚಿತ್ರ ತೆಗೆಯುವುದು) ಮಾಡುವುದು ಈಗ ಮೈಸೂರಿನಲ್ಲಿ ದಿನನಿತ್ಯದ ಕೆಲಸ. ದಿನನಿತ್ಯದ ಕೆಲಸ ಆಗಿರುವುದರಿಂದಲೇ, ಅಪರೂಪಕ್ಕೆ ಎದುರಾಗುವ ಬೇರೆ ಥರದ ರಕ್ತನಾಳ ಗಮನಕ್ಕೆ ಬಾರದೆ ಹೋಗಬಹುದು. ಅಂಥ ಒಂದು ರಚನೆಯನ್ನು ನಮ್ಮ ತಂಡ ಹೇಗೆ ಗುರುತಿಸಿತು, ಗುರುತಿಸಿದ ಮೇಲೆ ಏನು ತೀರ್ಮಾನ ತೆಗೆದುಕೊಂಡಿತು ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ. ಮುಖ್ಯವಾಗಿ ಕ್ಯಾಥ್ ಲ್ಯಾಬಿಗೆ (ಈ ಕೆಲಸ ಮಾಡುವ ಕೋಣೆಗೆ) ಹೊಸದಾಗಿ ಬಂದಿರುವ ವೈದ್ಯರು, ಟೆಕ್ನಿಷಿಯನ್‌ಗಳು, ನರ್ಸ್‌ಗಳಿಗಾಗಿ ಬರೆದದ್ದು. ಮನೆಯಲ್ಲಿ ಹೃದ್ರೋಗಿಗಳಿರುವವರೂ ಓದಬಹುದು.

ರೋಗಿ ಮತ್ತು ಮನೆಯವರ ಒಪ್ಪಿಗೆ ಪಡೆದಿದ್ದೇನೆ. ಗುರುತು ಸಿಗಬಾರದು ಎಂದು ಊರು, ವಯಸ್ಸು, ಮನೆಯ ವಿವರ ಬದಲಿಸಿದ್ದೇನೆ. ವೈದ್ಯಕೀಯ ಸಂಗತಿಗಳನ್ನು ಬದಲಿಸಿಲ್ಲ.

ರೋಗಿ ಯಾರು

ಮಂಡ್ಯ ಜಿಲ್ಲೆಯ ನಾಲೆ ಬಯಲಿನ ಒಂದು ಹಳ್ಳಿಯ ತಾಯಿ. ವಯಸ್ಸು ಅರವತ್ತು ದಾಟಿದೆ. ಮಗ ಕಬ್ಬು, ಭತ್ತ ಬೆಳೆಯುತ್ತಾರೆ. ತಾಯಿಗೆ ಬಹಳ ವರ್ಷಗಳಿಂದ ಬಿಪಿ, ಶುಗರ್ ಎರಡೂ ಇವೆ. ಮಾತ್ರೆ ತೆಗೆದುಕೊಳ್ಳುತ್ತಿದ್ದರು, ಆದರೆ ಬಿಟ್ಟು ಬಿಟ್ಟು. ಎರಡು ದಿನದಿಂದ ನಡೆದರೆ ಎದೆ ಹಿಡಿಯುತ್ತಿತ್ತು. ಮೂರನೇ ದಿನ ಬೆಳಗಿನ ಜಾವ ಸುಮ್ನೆ ಮಲಗಿದ್ದಾಗಲೇ ನೋವು ಬಂತು, ಬೆವರು ಬಂತು. ಮಗ ತಾಲ್ಲೂಕು ಆಸ್ಪತ್ರೆಗೆ ಕರೆದುಕೊಂಡು ಹೋದರು.

ಅಲ್ಲಿ ಕೂಡಲೇ ಇಸಿಜಿ ತೆಗೆದರು. ಎದೆಯ ಮುಂಭಾಗದ ಲೀಡ್‌ಗಳಲ್ಲಿ ಎಸ್‌ಟಿ ಭಾಗ ಕೆಳಗಿಳಿದಿತ್ತು. ಹೃದಯದ ಸ್ನಾಯುವಿಗೆ ಪೆಟ್ಟು ಬಿದ್ದಾಗ ರಕ್ತಕ್ಕೆ ಸೇರುವ ಟ್ರೋಪೋನಿನ್ ಪಾಸಿಟಿವ್. ರಕ್ತನಾಳ ಪೂರ್ತಿ ಮುಚ್ಚಿಹೋಗುವ ಥರದ ಹೃದಯಾಘಾತ ಅಲ್ಲ, ಕಿರಿದಾಗಿ ಹೃದಯದ ಸ್ನಾಯುವಿಗೆ ಪೆಟ್ಟು ಬೀಳುತ್ತಿರುವ ಥರದ್ದು. ರಕ್ತ ಹೆಪ್ಪುಗಟ್ಟದಂತೆ ಔಷಧ ಶುರು ಮಾಡಿ ಮೈಸೂರಿಗೆ ಕಳಿಸಿದರು. ನಮ್ಮಲ್ಲಿಗೆ ಬಂದಾಗ ನೋವು ಇಳಿದಿತ್ತು. ಎಕೋದಲ್ಲಿ ಹೃದಯದ ಮುಂಗೋಡೆ ಸ್ವಲ್ಪ ಮಂದವಾಗಿ ಆಡುತ್ತಿತ್ತು. ಕ್ರಿಯಾಟಿನಿನ್ 1.4. ಅಂದರೆ ಕಿಡ್ನಿ ಆಗಲೇ ಸ್ವಲ್ಪ ಸೋತಿದೆ, ಡೈ ಹಿಡಿತದಲ್ಲಿ ಬಳಸಬೇಕು. ಮರುದಿನ ಬೆಳಿಗ್ಗೆ ಆಂಜಿಯೋಗ್ರಾಂ, ಬೇಕಾದರೆ ಅದೇ ಹೊತ್ತಿನಲ್ಲಿ ಸ್ಟೆಂಟ್ ಎಂದು ತೀರ್ಮಾನವಾಯಿತು.

ರಾತ್ರಿ ವಾರ್ಡಿನಲ್ಲಿ ಒಂದು ಸಣ್ಣ ವಿಷಯ ನಡೆದಿತ್ತು. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಕ್ಲೋಪಿಡೋಗ್ರೆಲ್ ಮಾತ್ರೆಗಳನ್ನು ಕೊಟ್ಟಾಗ ಆ ತಾಯಿ ನರ್ಸ್‌ಗೆ, 'ಪುಡಿ ಮಾಡ್ಕೊಡವ್ವ, ಇಡೀ ಮಾತ್ರೆ ಇಳಿಯಕಿಲ್ಲ' ಎಂದಿದ್ದರು. ನರ್ಸ್ ಪುಡಿ ಮಾಡಿ ನೀರಿನಲ್ಲಿ ಕಲಸಿ ಕೊಟ್ಟರು. ವಯಸ್ಸಾದವರು ಹೀಗೆ ಕೇಳುವುದು ಹೊಸತೇನಲ್ಲ. ಆದರೂ ಆ ನರ್ಸ್ ಅದನ್ನು ಮರೆಯಲಿಲ್ಲ.

ಮಣಿಕಟ್ಟೇ ಯಾಕೆ

ಮೊದಲೆಲ್ಲ ತೊಡೆಸಂದಿಯ ರಕ್ತನಾಳದಿಂದ ಹೋಗುವುದೇ ರೂಢಿ. 1989ರಲ್ಲಿ ಕೆನಡಾದ ಮಾಂಟ್ರಿಯಲ್‌ನ ಲೂಸಿಯನ್ ಕಾಂಪೋ ಮಣಿಕಟ್ಟಿನ ರೇಡಿಯಲ್ ನಾಳದಿಂದ ಆಂಜಿಯೋಗ್ರಾಂ ಮಾಡಬಹುದು ಎಂದು ವರದಿ ಮಾಡಿದರು. ಕೆಲವೇ ವರ್ಷಗಳಲ್ಲಿ ಆಮ್‌ಸ್ಟರ್‌ಡ್ಯಾಮ್‌ನ ಫರ್ಡಿನಂಡ್ ಕೀಮೆನೇ ಅದೇ ದಾರಿಯಲ್ಲಿ ಆಂಜಿಯೋಪ್ಲಾಸ್ಟಿಯನ್ನೂ (ಕಿರಿದಾದ ನಾಳವನ್ನು ಬಲೂನ್‌ನಿಂದ ಹಿಗ್ಗಿಸುವುದು) ಮಾಡಿ ತೋರಿಸಿದರು. ನಮ್ಮ ದೇಶದಲ್ಲಿ ಅಹಮದಾಬಾದಿನ ತೇಜಸ್ ಪಟೇಲ್ ಮತ್ತು ಅವರ ಸಂಗಡಿಗರು ಈ ದಾರಿಯ ಕಷ್ಟಗಳನ್ನು ದಾಟುವ ಉಪಾಯಗಳನ್ನು ಬಹಳಷ್ಟು ಜನರಿಗೆ ಕಲಿಸಿದ್ದಾರೆ. 2015ರಲ್ಲಿ ಪ್ರಕಟವಾದ ಮ್ಯಾಟ್ರಿಕ್ಸ್ ಅಧ್ಯಯನದಲ್ಲಿ ಹೃದಯಾಘಾತದಂಥ ತುರ್ತು ಸ್ಥಿತಿಯ 8404 ರೋಗಿಗಳಿದ್ದರು. ತೊಡೆಗೆ ಹೋಲಿಸಿದರೆ ಮಣಿಕಟ್ಟಿನ ದಾರಿಯಲ್ಲಿ ದೊಡ್ಡ ರಕ್ತಸ್ರಾವ ಕಡಿಮೆ, ಸಾವೂ ಕಡಿಮೆ ಎಂದು ಅದು ತೋರಿಸಿತು. ನಮ್ಮ ರೋಗಿಗೆ ರಕ್ತ ತೆಳುವಾಗಿಸುವ ಔಷಧ ಆಗಲೇ ಹೋಗಿತ್ತು. ಹಾಗಾಗಿ ಮಣಿಕಟ್ಟು ಎನ್ನುವುದರಲ್ಲಿ ಎರಡು ಮಾತಿರಲಿಲ್ಲ.

ಬಲಗೈ ಯಾಕೆ ಅಂದರೆ ಅದು ಅನುಕೂಲದ ಮಾತು. ವೈದ್ಯರು ನಿಲ್ಲುವುದು ರೋಗಿಯ ಬಲಬದಿಯಲ್ಲಿ. ಮೇಜು, ಪರದೆ, ಸಾಮಾನು ಎಲ್ಲವೂ ಆ ಲೆಕ್ಕದಲ್ಲೇ ಜೋಡಿಸಿರುತ್ತವೆ.

ತೊಂದರೆ ಶುರುವಾದದ್ದು

ಕೇಸ್ ಮಾಡುತ್ತಿದ್ದವರು ನಮ್ಮ ಕಿರಿಯ ವೈದ್ಯರು, ಒಳ್ಳೆಯ ಕೈ. ನಾನು ಪಕ್ಕದಲ್ಲಿದ್ದೆ. ಬಲ ಮಣಿಕಟ್ಟಿನ ನಾಡಿ ಚೆನ್ನಾಗಿತ್ತು. ಸೂಜಿ ಸಲೀಸಾಗಿ ಹೋಯಿತು. ಶೀಥ್ (ಸಾಮಾನು ಒಳಗೆ ಬಿಡುವ ಸಣ್ಣ ಕೊಳವೆ) ಹಾಕಿ, ನಾಳ ಬಿಗಿಯದಂತೆ ನೈಟ್ರೋಗ್ಲಿಸರಿನ್, ಜೊತೆಗೆ ರಕ್ತ ಹೆಪ್ಪುಗಟ್ಟದಂತೆ ಹೆಪಾರಿನ್ ಕೊಟ್ಟಾಯಿತು. ಮುಂಗೈ, ಮೊಣಕೈ, ಭುಜ ಎಲ್ಲ ಕಡೆ ವೈರ್, ಅಂದರೆ ನಾಳದೊಳಗೆ ಮೊದಲು ಹೋಗಿ ದಾರಿ ಮಾಡುವ ತೆಳು ತಂತಿ, ಎಳ್ಳಷ್ಟೂ ತಡೆಯಿಲ್ಲದೆ ಸಾಗಿತು.

ಇಲ್ಲಿ ಒಂದು ಮಾತು. ಮಣಿಕಟ್ಟಿನ ದಾರಿಯಲ್ಲಿ ಬೇರೆ ರಚನೆ ಅಂದ ತಕ್ಷಣ ನಮ್ಮ ಲಕ್ಷ್ಯವೆಲ್ಲ ಮುಂಗೈ ಮತ್ತು ಮೊಣಕೈ ಮೇಲೆ ಇರುತ್ತದೆ. ಅದು ಸರಿಯೇ. ಇಂಗ್ಲೆಂಡಿನ ವೈದ್ಯರು 2009ರಲ್ಲಿ ಪ್ರಕಟಿಸಿದ, 1540 ರೋಗಿಗಳ ಅಧ್ಯಯನದಲ್ಲಿ ಶೇಕಡಾ 13.8 ಮಂದಿಯ ರೇಡಿಯಲ್ ನಾಳ ಮಾಮೂಲಿನಂತೆ ಇರಲಿಲ್ಲ. ಜಾಸ್ತಿ ಕಂಡದ್ದು ಮೊಣಕೈಗಿಂತ ಮೇಲೆಯೇ ನಾಳ ಕವಲೊಡೆಯುವುದು, ಶೇಕಡಾ 7. ನಾಳ ಸುತ್ತು ಹಾಕಿಕೊಂಡಿರುವುದು ಶೇಕಡಾ 2.3. ಕೆಲಸ ಕೆಡಿಸುವುದರಲ್ಲಿ ಮಾತ್ರ ಈ ಸುತ್ತೇ ಮುಂದು. ಸುತ್ತು ಇದ್ದವರಲ್ಲಿ ಮೂರನೇ ಒಂದಕ್ಕಿಂತ ಜಾಸ್ತಿ ಜನರಲ್ಲಿ ಆ ಕೈಯಿಂದ ಕೆಲಸ ಮುಗಿಯಲಿಲ್ಲ. ವೈರ್ ಮುಂಗೈಯಲ್ಲಿ ನಿಂತರೆ, ರೋಗಿ ನೋವು ಅಂದರೆ, ಅಲ್ಲೇ ಎರಡು ಮೂರು ಮಿಲಿ ಡೈ ಬಿಟ್ಟು ಚಿತ್ರ ನೋಡಬೇಕು ಎನ್ನುವುದು ಈಗ ಎಲ್ಲರಿಗೂ ಗೊತ್ತು. ಆದರೆ ಭುಜ ದಾಟಿದ ಮೇಲೆ 'ಇನ್ನೇನು, ದಾರಿ ಮುಗಿಯಿತು' ಎಂದು ಮನಸ್ಸು ಹಗುರಾಗಿಬಿಡುತ್ತದೆ. ಈ ತಾಯಿಯ ವಿಷಯದಲ್ಲಿ ವಿಶೇಷ ಇದ್ದದ್ದು ಭುಜದ ಆಚೆ.

ಬಲಗೈಯಿಂದ ಬಂದ ವೈರ್ ಮಹಾಪಧಮನಿ (ಹೃದಯದಿಂದ ಹೊರಡುವ ದೊಡ್ಡ ರಕ್ತನಾಳ) ಸೇರಿದ ಮೇಲೆ ಅದರ ಏರುಭಾಗಕ್ಕೆ, ಅಂದರೆ ಹೃದಯದ ಕಡೆಗೆ ಇಳಿಯಬೇಕು. ಇದು ಇಳಿಭಾಗಕ್ಕೆ, ಹೊಟ್ಟೆಯ ಕಡೆಗೆ ಹೋಯಿತು. ಇದರಲ್ಲಿ ಗಾಬರಿ ಪಡುವಂಥದ್ದು ಏನಿಲ್ಲ. ಬಿಪಿ ಇರುವ, ವಯಸ್ಸಾದ, ಗಿಡ್ಡ ಮೈಕಟ್ಟಿನ ಹೆಂಗಸರಲ್ಲಿ ಮಹಾಪಧಮನಿ ಉದ್ದವಾಗಿ ಬಾಗಿರುತ್ತದೆ. ಅಂಥವರಲ್ಲಿ ವೈರ್ ಹೀಗೆ ಜಾರುವುದು ಎಷ್ಟೋ ಸಲ ನೋಡಿದ್ದೇವೆ. ಮದ್ದು ಕೂಡ ಸುಲಭ. ರೋಗಿಗೆ ಉಸಿರು ಪೂರ್ತಿ ಎಳೆದುಕೊಳ್ಳಲು ಹೇಳುವುದು. ಎದೆಗೂಡು ಹಿಗ್ಗಿ ಹೃದಯ ಕೆಳಗೆ ಸರಿದಾಗ ಕೋನ ನೇರವಾಗುತ್ತದೆ, ವೈರ್ ಸರಿಯಾದ ಕಡೆ ಬೀಳುತ್ತದೆ.

'ಉಸಿರು ಜೋರಾಗಿ ಒಳಗೆ ಎಳ್ಕೊಳಿ ಅವ್ವಾ, ಹಂಗೇ ಹಿಡ್ಕೊಳಿ' ಎಂದು ಹೇಳಲಾಯಿತು. ಆ ತಾಯಿ ಹೇಳಿದಂತೆಯೇ ಮಾಡಿದರು. ವೈರ್ ಮತ್ತೆ ಕೆಳಕ್ಕೇ ಹೋಯಿತು.

ಏನೇನು ಪ್ರಯತ್ನ ಆಯಿತು

ವೈರ್ ಮೇಲೆ ಸಾಗುವ ಉದ್ದ ಕೊಳವೆಗೆ ಕ್ಯಾಥೆಟರ್ ಎನ್ನುತ್ತೇವೆ. ಮೊದಲು ಹಾಕಿದ್ದು ಟೈಗರ್ ಎಂಬ ಬಗೆಯ ಕ್ಯಾಥೆಟರ್. ಅದರ ಮೂತಿಯನ್ನು ಹೃದಯದ ಕಡೆ ತಿರುಗಿಸಿ ವೈರ್ ಬಿಡಲು ನೋಡಿದೆವು. ಆಗಲಿಲ್ಲ. ಬಲ ಜಡ್ಕಿನ್ಸ್ ಎಂಬ ಇನ್ನೊಂದು ಬಗೆಯ ಕ್ಯಾಥೆಟರ್ ಹಾಕಿ ನೋಡಿದೆವು. ಜಾರುವ ಲೇಪನ ಇರುವ ಹೈಡ್ರೋಫಿಲಿಕ್ ವೈರ್ ತೆಗೆದುಕೊಂಡೆವು. ಒಂದು ಸಲ ವೈರ್ ಏರುಭಾಗಕ್ಕೆ ತಿರುಗಿತು. ಎಲ್ಲರ ಮುಖದಲ್ಲೂ ಸಮಾಧಾನ. ಅದರ ಹಿಂದೆ ಕ್ಯಾಥೆಟರ್ ತಳ್ಳಿದ ಕೂಡಲೇ ಇಡೀ ಜೋಡಿ ಪುಟಕ್ಕನೆ ಹಿಂದೆ ಚಿಮ್ಮಿ ಮತ್ತೆ ಇಳಿಭಾಗಕ್ಕೆ ಬಿತ್ತು.

ಈ ಪ್ರಕರಣದ ಮೊದಲ ತಿರುವು ಇದೇ. ಇಂಥ ಹೊತ್ತಿನಲ್ಲಿ ಕೈಗೆ ಬರುವ ಮೊದಲ ಯೋಚನೆ 'ಇನ್ನೊಂದು ಕ್ಯಾಥೆಟರ್ ಕೊಡಿ' ಎನ್ನುವುದು. ನಮ್ಮ ಕಿರಿಯ ವೈದ್ಯರು ಹಾಗೆ ಕೇಳಲಿಲ್ಲ. 'ಸರ್, ಇದು ಬರೀ ಬಾಗಿದ ಮಹಾಪಧಮನಿ ಆಗಿದ್ದರೆ ಉಸಿರು ಎಳೆದಾಗ ಸ್ವಲ್ಪವಾದರೂ ಬದಲಾಗಬೇಕಿತ್ತು. ಒಂಚೂರೂ ಆಗುತ್ತಿಲ್ಲ. ಒಂದು ಚಿತ್ರ ತೆಗೆಯೋಣ್ವಾ?' ಎಂದರು. ಆ ಪ್ರಶ್ನೆಗೆ ನಾನು ಬಹಳ ಬೆಲೆ ಕೊಡುತ್ತೇನೆ. ಒಂದೇ ತಡೆ ಒಂದೇ ಜಾಗದಲ್ಲಿ, ಏನು ಮಾಡಿದರೂ ಜಗ್ಗದೆ ಬರುತ್ತಿದ್ದರೆ ಅದು ಸಾಮಾನಿನ ದೋಷ ಅಲ್ಲ, ಕೈಯ ದೋಷವೂ ಅಲ್ಲ. ಒಳಗಿನ ರಚನೆ ಏನೋ ಹೇಳುತ್ತಿದೆ.

ಕ್ಯಾಮೆರಾವನ್ನು ರೋಗಿಯ ಎಡಕ್ಕೆ 40 ಡಿಗ್ರಿ ತಿರುಗಿಸಿದೆವು. ಮಹಾಪಧಮನಿಯ ಕಮಾನು ಪೂರ್ತಿ ಬಿಚ್ಚಿಕೊಂಡು ಕಾಣುವುದು ಈ ಕೋನದಲ್ಲಿ. ಡೈ ಬಿಡುವುದಕ್ಕೆ ಮೊದಲೇ ಕ್ಯಾಥೆಟರ್ ಮಲಗಿದ್ದ ರೀತಿ ಕಣ್ಣಿಗೆ ಹೊಡೆಯಿತು. ಮಾಮೂಲಿ ರಚನೆಯಲ್ಲಿ ಬಲಭುಜದಿಂದ ಬಂದ ಕ್ಯಾಥೆಟರ್ ಪರದೆಯ ಎಡಬದಿಯಲ್ಲೇ ಇಳಿದು ಏರುಭಾಗ ಸೇರುತ್ತದೆ. ಇದು ಪರದೆಯನ್ನು ಅಡ್ಡಡ್ಡ ದಾಟಿ, ಬೆನ್ನುಮೂಳೆಯ ಹತ್ತಿರ, ಕಮಾನು ಮುಗಿದು ಇಳಿಭಾಗ ಶುರುವಾಗುವ ಜಾಗಕ್ಕೆ ಬಂದು ಸೇರಿತ್ತು. ಅಲ್ಲಿಂದ ಹೃದಯಕ್ಕೆ ಹೋಗಬೇಕಾದರೆ ಪೂರ್ತಿ ಹಿಂದಕ್ಕೆ ತಿರುಗಿ ಕಮಾನನ್ನು ಏರಬೇಕು. ವೈರ್ ಹಿಂದೆ ಚಿಮ್ಮಿದ್ದು ಯಾಕೆ ಎಂದು ಅಲ್ಲಿಗೆ ಅರ್ಥವಾಯಿತು.

ಕ್ಯಾಥೆಟರ್ ತುದಿಯನ್ನು ಆ ನಾಳದ ಬಾಯಿಗೆ ತಂದು ಹತ್ತು ಮಿಲಿಯಷ್ಟು ಡೈ ಬಿಟ್ಟೆವು. ಅನುಮಾನ ನಿಜವಾಯಿತು. ಬಲಗೈಗೆ ಹೋಗುವ ಸಬ್‌ಕ್ಲೇವಿಯನ್ ನಾಳ ಎಡಗೈಯ ನಾಳಕ್ಕಿಂತಲೂ ಆಚೆ, ಕಮಾನಿನ ಕೊನೆಯಲ್ಲಿ ಹುಟ್ಟಿತ್ತು. ಕುತ್ತಿಗೆಯ ಬಲಬದಿಗೆ ಹೋಗುವ ಕ್ಯಾರೋಟಿಡ್ ಇದರಿಂದ ಕವಲೊಡೆದಿರಲಿಲ್ಲ, ಅದು ಬೇರೆಯೇ ಹುಟ್ಟಿತ್ತು. ವೈದ್ಯಕೀಯದಲ್ಲಿ ಇದಕ್ಕೆ ಆರ್ಟೀರಿಯಾ ಲುಸೋರಿಯಾ ಎನ್ನುತ್ತಾರೆ.

ಇದೇನು ರಚನೆ

ಮಾಮೂಲಿಯಾಗಿ ಮಹಾಪಧಮನಿಯ ಕಮಾನಿನಿಂದ ಮೂರು ಕವಲುಗಳು ಹೊರಡುತ್ತವೆ. ಮೊದಲನೆಯದು ದಪ್ಪ ಕವಲು. ಅದೇ ಮುಂದೆ ಒಡೆದು ಬಲಗೈಗೂ ಕುತ್ತಿಗೆಯ ಬಲಬದಿಗೂ ಹೋಗುತ್ತದೆ. ಎರಡನೆಯದು ಕುತ್ತಿಗೆಯ ಎಡಬದಿಗೆ, ಮೂರನೆಯದು ಎಡಗೈಗೆ. ಈ ತಾಯಿಯಲ್ಲಿ ಕವಲು ನಾಲ್ಕು. ಬಲಗೈಯದು ಎಲ್ಲಕ್ಕಿಂತ ಕೊನೆಯದು. ಬಲಗೈ ಮುಟ್ಟಬೇಕಾದರೆ ಅದು ಎಡದಿಂದ ಬಲಕ್ಕೆ ಎದೆಯನ್ನು ಅಡ್ಡ ದಾಟಿ ಬರಬೇಕು.

ಆಮೇಲೆ ಮಗನಿಗೆ ಇದನ್ನು ವಿವರಿಸುವಾಗ ನಾಲೆಯ ಲೆಕ್ಕದಲ್ಲೇ ಹೇಳಿದೆ. ಬಲಗಡೆಯ ಗದ್ದೆಗೆ ಮೊದಲ ತೂಬಿನಿಂದ ನೀರು ಬಿಡಬೇಕು. ನಿಮ್ಮ ತಾಯಿಯಲ್ಲಿ ಆ ತೂಬೇ ಇಲ್ಲ. ಕಟ್ಟಕಡೆಯ ತೂಬಿನಿಂದ ಕಾಲುವೆ ತೆಗೆದು, ಹಿಂದಕ್ಕೆ ತಿರುಗಿಸಿ ಅದೇ ಗದ್ದೆಗೆ ತಂದಿದ್ದಾರೆ. ನೀರಿಗೆ ಕೊರತೆ ಇಲ್ಲ, ಗದ್ದೆ ಚೆನ್ನಾಗೇ ಇದೆ. ಆದರೆ ಗದ್ದೆಯ ಕಡೆಯಿಂದ ಹಿಡಿದು ನಾಲೆಯ ತಲೆಗೆ ಹೋಗುತ್ತೇನೆ ಎಂದು ಹೊರಟವನಿಗೆ ದಾರಿ ಸಿಗುವುದಿಲ್ಲ. ಅವರಿಗೆ ಒಂದೇ ಸಲಕ್ಕೆ ಅರ್ಥವಾಯಿತು.

ಇದು ಹುಟ್ಟಿನಿಂದ ಬರುವ ರಚನೆ. ಗರ್ಭದಲ್ಲಿ ಮಗು ಬೆಳೆಯುವಾಗ ಎರಡೂ ಬದಿಯಲ್ಲಿ ಕಮಾನಿನಂಥ ನಾಳಗಳಿರುತ್ತವೆ. ಕೆಲವು ಉಳಿಯುತ್ತವೆ, ಕೆಲವು ಕರಗುತ್ತವೆ. ಬಲಬದಿಯ ನಾಲ್ಕನೇ ಕಮಾನು ಉಳಿಯಬೇಕಾದದ್ದು ಕರಗಿಹೋದರೆ ಬಲಗೈಯ ನಾಳ ಹಿಂಬದಿಯ ಮಹಾಪಧಮನಿಗೆ ಅಂಟಿಕೊಂಡು ಉಳಿದುಬಿಡುತ್ತದೆ. ಸುಮಾರು ನೂರರಲ್ಲಿ ಒಬ್ಬರಿಗೆ ಹೀಗಿರುತ್ತದೆ. ಬಹುಪಾಲು ಜನರಿಗೆ ಜೀವನಪೂರ್ತಿ ಗೊತ್ತೇ ಆಗುವುದಿಲ್ಲ.

ಗೊತ್ತಾಗುವವರಿಗೆ ಯಾಕೆ ಗೊತ್ತಾಗುತ್ತದೆ ಅಂದರೆ, ಬಲಕ್ಕೆ ಬರುವ ಈ ನಾಳ ಹೆಚ್ಚಿನವರಲ್ಲಿ ಅನ್ನನಾಳದ ಹಿಂದಿನಿಂದ, ಬೆನ್ನುಮೂಳೆಗೂ ಅನ್ನನಾಳಕ್ಕೂ ನಡುವೆ ಹಾದು ಬರುತ್ತದೆ. ಕೆಲವರಲ್ಲಿ ಅನ್ನನಾಳ ಮತ್ತು ಶ್ವಾಸನಾಳದ ನಡುವೆ, ತೀರಾ ಕೆಲವರಲ್ಲಿ ಶ್ವಾಸನಾಳದ ಮುಂದೆ. ವಯಸ್ಸಾದಂತೆ ನಾಳ ಗಟ್ಟಿಯಾಗಿ ಹಿಗ್ಗಿದರೆ ಅನ್ನನಾಳವನ್ನು ಹಿಂದಿನಿಂದ ಒತ್ತುತ್ತದೆ. ಗಟ್ಟಿ ತುತ್ತು ಇಳಿಯಲು ಕಷ್ಟವಾಗುತ್ತದೆ. ಇದನ್ನು 1794ರಲ್ಲೇ ಲಂಡನ್ನಿನ ಡೇವಿಡ್ ಬೇಫರ್ಡ್ ಬರೆದಿದ್ದರು. ವರ್ಷಗಟ್ಟಲೆ ನುಂಗಲು ಕಷ್ಟಪಟ್ಟು ಸತ್ತ ಹೆಂಗಸಿನ ದೇಹದಲ್ಲಿ ಅವರು ಈ ನಾಳ ಕಂಡಿದ್ದರು. ಬದುಕಿರುವ ರೋಗಿಯಲ್ಲಿ ಬೇರಿಯಂ ಕುಡಿಸಿ ಎಕ್ಸ್‌ರೇಯಿಂದ ಇದನ್ನು ಗುರುತಿಸಿದ್ದು 1936ರಲ್ಲಿ, ಜರ್ಮನಿಯ ಕೊಮ್ಮೆರೆಲ್.

ಮುದ್ದೆಯ ಪ್ರಶ್ನೆ

ಚಿತ್ರ ನೋಡುತ್ತಿದ್ದಾಗ ನಮ್ಮ ನರ್ಸ್ ಹಿಂದಿನ ರಾತ್ರಿಯ ಮಾತ್ರೆಯ ವಿಷಯ ಹೇಳಿದರು. 'ಸರ್, ಇವರಿಗೆ ಮಾತ್ರೆ ಇಳಿಯೋದಿಲ್ಲ ಅಂತಿದ್ರು. ಪುಡಿ ಮಾಡಿ ಕೊಟ್ಟಿದ್ವಿ.' ನಾನು ತಲೆಯ ಕಡೆ ಹೋಗಿ ಬಾಗಿ ಕೇಳಿದೆ.

'ಅವ್ವಾ, ಊಟ ನುಂಗೋಕೆ ಏನಾದ್ರೂ ಕಷ್ಟ ಇದ್ಯಾ?'

'ಮುದ್ದೆ ಬುಟ್ಟು ಸುಮಾರು ವರ್ಸ ಆಯ್ತು ಕಣಪ್ಪ. ಎದೆ ತಾವ ಸಿಕ್ಕಂಡಂಗಾಯ್ತದೆ. ಅನ್ನಕ್ಕೆ ಸಾರು ಜಾಸ್ತಿ ಹಾಕಂಡು ತಿಂತೀನಿ. ಗ್ಯಾಸು ಅಂದ್ರು, ಮಾತ್ರೆ ಕೊಟ್ಟವ್ರೆ.'

ಮಂಡ್ಯದ ಹಳ್ಳಿಯಲ್ಲಿ ಹುಟ್ಟಿ ಬೆಳೆದ ಹೆಂಗಸು ಮುದ್ದೆ ಬಿಟ್ಟಿದ್ದಾರೆ ಅಂದರೆ ಅದು ಸಣ್ಣ ಮಾತಲ್ಲ. ಮುದ್ದೆ ಅಗಿಯುವ ಊಟ ಅಲ್ಲ, ಸಾರಲ್ಲಿ ಅದ್ದಿ ಹಾಗೇ ನುಂಗುವುದು. ಅನ್ನನಾಳದಲ್ಲಿ ಎಲ್ಲಾದರೂ ಒತ್ತಡ ಇದ್ದರೆ ಮೊದಲು ಗೊತ್ತಾಗುವುದು ಅಲ್ಲೇ. ನಮ್ಮ ಕಡೆಯ ರೋಗಿಗಳಿಗೆ 'ನುಂಗಲು ತೊಂದರೆ ಇದೆಯೇ' ಎಂದು ಕೇಳಿದರೆ ಬಹಳ ಜನ ಇಲ್ಲ ಎನ್ನುತ್ತಾರೆ. ಊಟವನ್ನೇ ಬದಲಿಸಿಕೊಂಡಿರುತ್ತಾರೆ, ತೊಂದರೆ ಅನ್ನಿಸುವುದಿಲ್ಲ. 'ಮುದ್ದೆ ಉಣ್ತೀರಾ? ಯಾಕೆ ಬಿಟ್ರಿ?' ಎಂದು ಕೇಳಿದರೆ ನಿಜವಾದ ಉತ್ತರ ಬರುತ್ತದೆ.

ಇಲ್ಲಿ ಒಂದು ಎಚ್ಚರಿಕೆಯೂ ಬೇಕು. ರಚನೆ ಸಿಕ್ಕಿತು, ನುಂಗುವ ತೊಂದರೆಯೂ ಇದೆ, ಹಾಗಾಗಿ ಕಾರಣ ಇದೇ ಎಂದು ಅಲ್ಲೇ ಮುಗಿಸುವಂತಿಲ್ಲ. ಅರವತ್ತು ದಾಟಿದವರಲ್ಲಿ ಗಟ್ಟಿ ಊಟ ಸಿಕ್ಕಿಕೊಳ್ಳುವುದಕ್ಕೆ ಅನ್ನನಾಳದ ಕ್ಯಾನ್ಸರ್ ಕೂಡ ಕಾರಣವಾಗಬಹುದು. ಅದನ್ನು ನೋಡಲೇಬೇಕು ಎಂದು ಆಗಲೇ ಕೇಸ್ ಶೀಟಿನಲ್ಲಿ ಬರೆಸಿದೆ.

ತೀರ್ಮಾನ

ಮುಂದೆ ಮೂರು ದಾರಿ ಇದ್ದವು. ಬಲಗೈಯಿಂದಲೇ ಬಿಡದೆ ಪ್ರಯತ್ನಿಸುವುದು. ಎಡ ಮಣಿಕಟ್ಟಿಗೆ ಹೋಗುವುದು. ತೊಡೆಗೆ ಹೋಗುವುದು.

ಬಲಗೈಯಿಂದ ಆಗುವುದೇ ಇಲ್ಲ ಎಂದೇನಿಲ್ಲ. ಕೊಕ್ಕೆಯಂತೆ ಬಾಗಿದ ಸಿಮನ್ಸ್ ಥರದ ಕ್ಯಾಥೆಟರ್‌ನಿಂದ ವೈರ್ ಅನ್ನು ಏರುಭಾಗಕ್ಕೆ ತಿರುಗಿಸಿ, ಒಮ್ಮೆ ಒಳಗೆ ಹೋದ ಮೇಲೆ 260 ಸೆಂಟಿಮೀಟರ್ ಉದ್ದದ ವೈರ್ ಮೇಲೆ ಕ್ಯಾಥೆಟರ್ ಬದಲಿಸುತ್ತಾ ಕೆಲಸ ಮುಗಿಸಿದ ಪ್ರಕರಣಗಳು ವೈದ್ಯಕೀಯ ಪತ್ರಿಕೆಗಳಲ್ಲಿ ಇವೆ. ನುರಿತವರು ಮಾಡುತ್ತಾರೆ. ಆದರೆ ನಾವು ಕೇಳಿಕೊಂಡ ಪ್ರಶ್ನೆ 'ಆಗುತ್ತದಾ' ಎಂಬುದಲ್ಲ, 'ಈ ರೋಗಿಗೆ ಬೇಕಾ' ಎಂಬುದು.

ಶುಗರ್, ಬಿಪಿಯಿಂದ ಇವರ ನಾಳದ ಗೋಡೆ ಮೊದಲೇ ಬಳಲಿದೆ. ಅಷ್ಟು ಚೂಪಾದ ತಿರುವಿನಲ್ಲಿ ಕ್ಯಾಥೆಟರ್ ತಿರುಚುತ್ತಾ ಹೋದರೆ ಒಳಪದರ ಸೀಳಬಹುದು. ಸೀಳಿದರೆ ಆ ಜಾಗ ಅನ್ನನಾಳದ ಹಿಂದೆ, ಎದೆಯ ನಡುವೆ ಇದೆ. ಮಣಿಕಟ್ಟಿನಂತೆ ಬೆರಳಿಟ್ಟು ಒತ್ತಿ ರಕ್ತ ನಿಲ್ಲಿಸುವ ಹಾಗಿಲ್ಲ. ಪ್ರತಿ ಪ್ರಯತ್ನಕ್ಕೂ ಡೈ ಖರ್ಚಾಗುತ್ತದೆ, ಕಿಡ್ನಿಗೆ ಅದು ಹೊರೆ.

ನನಗೆ ಇವೆಲ್ಲಕ್ಕಿಂತ ಮುಖ್ಯ ಅನ್ನಿಸಿದ್ದು ಇನ್ನೊಂದು. ಇಸಿಜಿ ನೋಡಿದರೆ ಇವರಿಗೆ ಸ್ಟೆಂಟ್ ಬೇಕಾಗುವುದು ಬಹುತೇಕ ಖಚಿತ. ಬರೀ ಚಿತ್ರ ತೆಗೆಯುವುದಾದರೆ ಕ್ಯಾಥೆಟರ್ ಹೇಗೋ ಹೃದಯದ ನಾಳದ ಬಾಯಿಗೆ ತಾಗಿದರೆ ಸಾಕು. ಸ್ಟೆಂಟ್ ಹಾಕುವಾಗ ಹಾಗಲ್ಲ. ಗೈಡ್ ಕ್ಯಾಥೆಟರ್ ಅಲುಗದೆ ಕೂತು ಒಳಗೆ ಹೋಗುವ ಬಲೂನ್, ಸ್ಟೆಂಟ್‌ಗೆ ಬಲ ಕೊಡಬೇಕು. ಪೂರ್ತಿ ಹಿಂದಕ್ಕೆ ತಿರುಗಿ ಬಂದ ಕ್ಯಾಥೆಟರ್‌ಗೆ ಆ ಬಲ ಇರುವುದಿಲ್ಲ. ಅರ್ಧ ಕೆಲಸದಲ್ಲಿ, ನಾಳದೊಳಗೆ ಬಲೂನ್ ಇರುವಾಗ ಗೈಡ್ ಹೊರಗೆ ಚಿಮ್ಮಿದರೆ ಅಪಾಯ ಬಹಳ ದೊಡ್ಡದು.

ತೊಡೆಯ ದಾರಿ ಸುಲಭ, ಆದರೆ ರಕ್ತಸ್ರಾವದ ಭಯ. ಹೆಪಾರಿನ್ ಆಗಲೇ ಕೊಟ್ಟಾಗಿದೆ. ಎಡ ಮಣಿಕಟ್ಟಿನ ನಾಡಿ ಚೆನ್ನಾಗಿತ್ತು. ಇವರಲ್ಲಿ ಎಡಗೈಯ ನಾಳ ತನ್ನ ಸರಿಯಾದ ಜಾಗದಲ್ಲೇ ಹುಟ್ಟಿರುವುದನ್ನು ಚಿತ್ರದಲ್ಲಿ ನೋಡಿದ್ದೆವು. ಎಡಗೈ ಎಂದು ತೀರ್ಮಾನಿಸಿದೆವು. ಆ ತಾಯಿಗೂ ಹೇಳಿದೆವು: 'ಈ ಕೈಯಿಂದ ದಾರಿ ನೇರ ಇಲ್ಲ ಅವ್ವಾ, ಆ ಕೈಯಿಂದ ಹೋಗ್ತೀವಿ.' 'ಹೆಂಗಾರ ಮಾಡಪ್ಪ, ನೋವು ವಾಸಿಯಾದ್ರೆ ಸಾಕು' ಎಂದರು.

ಕೈ ಬದಲಿಸುವುದನ್ನು ಸೋಲು ಎಂದುಕೊಳ್ಳುವ ಒಂದು ಮನೋಭಾವ ನಮ್ಮ ಕಸುಬಿನಲ್ಲಿ ಇದೆ. ಅದು ತಪ್ಪು ಎಂದು ನಾನು ಗಟ್ಟಿಯಾಗಿ ನಂಬುತ್ತೇನೆ. ಕಾರಣ ಗೊತ್ತಾದ ಮೇಲೆ ದಾರಿ ಬದಲಿಸುವುದೇ ಜಾಣತನ. ರಕ್ತನಾಳ ಪೂರ್ತಿ ಮುಚ್ಚಿದ ಹೃದಯಾಘಾತ ಆಗಿದ್ದರೆ ನಾವು ಇನ್ನೂ ಬೇಗ ಬದಲಿಸುತ್ತಿದ್ದೆವು. ಅಲ್ಲಿ ಒಂದೊಂದು ನಿಮಿಷಕ್ಕೂ ಸ್ನಾಯು ಸಾಯುತ್ತಿರುತ್ತದೆ.

ಏನಾಯಿತು

ಬಲಗೈಯ ಕ್ಯಾಥೆಟರ್ ತೆಗೆಯುವುದರಲ್ಲೂ ನಿಧಾನ ಬೇಕಿತ್ತು. ತಿರುಚಿ ತಿರುಚಿ ಅದರಲ್ಲಿ ಮಡಿಕೆ ಬಿದ್ದಿರಬಹುದು. ಒಳಗೆ ವೈರ್ ಇಟ್ಟು, ಎಕ್ಸ್‌ರೇಯಲ್ಲಿ ನೋಡುತ್ತಾ, ನೇರ ಮಾಡಿಕೊಂಡೇ ಹೊರಗೆ ತೆಗೆದೆವು. ಶೀಥ್ ತೆಗೆದು ಮಣಿಕಟ್ಟಿಗೆ ಗಾಳಿ ತುಂಬುವ ಪಟ್ಟಿ ಕಟ್ಟಿ, ಕೈಗೆ ರಕ್ತ ಓಡುತ್ತಿರುವಷ್ಟು ಮಾತ್ರ ಬಿಗಿ ಮಾಡಿದೆವು. ಪೂರ್ತಿ ಬಿಗಿದರೆ ರೇಡಿಯಲ್ ನಾಳ ಮುಚ್ಚಿಹೋಗಬಹುದು.

ಎಡಗೈಯನ್ನು ಹೊಟ್ಟೆಯ ಮೇಲೆ ತಂದು, ಕೆಳಗೆ ದಿಂಬು ಕೊಟ್ಟು ಕೆಲಸ ಶುರುವಾಯಿತು. ವೈರ್ ನೇರವಾಗಿ ಏರುಭಾಗಕ್ಕೆ ಇಳಿಯಿತು. ಹೃದಯದ ಮುಂಭಾಗಕ್ಕೆ ರಕ್ತ ಕೊಡುವ ಎಲ್‌ಎಡಿ ನಾಳದ ನಡುಭಾಗದಲ್ಲಿ ಶೇಕಡಾ 90ರಷ್ಟು ಕಿರಿದಾಗಿತ್ತು. ಉಳಿದ ನಾಳಗಳಲ್ಲಿ ಅಂಥದ್ದೇನಿಲ್ಲ. ಬಲೂನ್‌ನಿಂದ ಹಿಗ್ಗಿಸಿ ಔಷಧ ಲೇಪಿತ ಸ್ಟೆಂಟ್ ಒಂದನ್ನು ಹಾಕಲಾಯಿತು. ರಕ್ತದ ಓಟ ಚೆನ್ನಾಗಿ ಬಂತು. ಮರುದಿನ ಕ್ರಿಯಾಟಿನಿನ್ ಏರಿರಲಿಲ್ಲ. ಎರಡೂ ಕೈಯ ನಾಡಿ ಸರಿಯಾಗಿತ್ತು.

ಆಮೇಲಿನ ಕೆಲಸ

ನನ್ನ ಲೆಕ್ಕದಲ್ಲಿ ಇಂಥ ರಚನೆ ಸಿಕ್ಕ ಮೇಲೆ ಅರ್ಧ ಜವಾಬ್ದಾರಿ ಕ್ಯಾಥ್ ಲ್ಯಾಬಿನ ಹೊರಗೆ ಇದೆ.

ಮೊದಲನೆಯದು ಮಾತ್ರೆ. ಸ್ಟೆಂಟ್ ಹಾಕಿದ ಮೇಲೆ ಆಸ್ಪಿರಿನ್, ಕ್ಲೋಪಿಡೋಗ್ರೆಲ್ ಒಂದು ದಿನವೂ ತಪ್ಪಬಾರದು. ತಪ್ಪಿದರೆ ಸ್ಟೆಂಟ್ ಒಳಗೆ ರಕ್ತ ಹೆಪ್ಪುಗಟ್ಟಬಹುದು. ಮಾತ್ರೆ ಇಳಿಯದವರು ಬಾಯಲ್ಲಿ ಹೇಳದೆ ಸುಮ್ಮನೆ ಬಿಟ್ಟುಬಿಡುತ್ತಾರೆ. ಈ ತಾಯಿ ಬಿಪಿ, ಶುಗರ್ ಮಾತ್ರೆ ಬಿಟ್ಟು ಬಿಟ್ಟು ತೆಗೆದುಕೊಂಡದ್ದಕ್ಕೂ ಅದೇ ಕಾರಣ ಎಂದು ಆಮೇಲೆ ಗೊತ್ತಾಯಿತು. ಯಾವ ಮಾತ್ರೆ ಪುಡಿ ಮಾಡಬಹುದು, ಯಾವುದನ್ನು ಮಾಡಬಾರದು ಎಂದು ಸೊಸೆಗೆ ಕೂರಿಸಿ ಹೇಳಿದೆವು. ಮೆಟೊಪ್ರೊಲಾಲ್‌ನ ನಿಧಾನವಾಗಿ ಕರಗುವ ಮಾತ್ರೆಯನ್ನು ಪುಡಿ ಮಾಡುವಂತಿಲ್ಲ. ಮಾಡಿದರೆ ಇಡೀ ದಿನದ ಔಷಧ ಒಂದೇ ಸಲಕ್ಕೆ ಮೈಗೆ ಸೇರುತ್ತದೆ. ಅದನ್ನು ಬದಲಿಸಿ, ದಿನಕ್ಕೆ ಎರಡು ಸಲದ ಸಾಮಾನ್ಯ ಮಾತ್ರೆ ಕೊಟ್ಟೆವು.

ಎರಡನೆಯದು ನುಂಗುವ ತೊಂದರೆಯ ಪರೀಕ್ಷೆ. ಬೇರಿಯಂ ಎಕ್ಸ್‌ರೇಯಲ್ಲಿ ಅನ್ನನಾಳದ ಹಿಂಬದಿಯಲ್ಲಿ ಓರೆಯಾಗಿ ಒತ್ತಿದ ಗುರುತು ಕಂಡಿತು. ಎಂಡೋಸ್ಕೋಪಿಯನ್ನೂ ಮಾಡಿಸಿದೆವು. ರಕ್ತ ತೆಳುವಾಗಿಸುವ ಮಾತ್ರೆ ನಿಲ್ಲಿಸದೆಯೇ, ಬರೀ ನೋಡುವುದಕ್ಕಷ್ಟೇ. ಹುಣ್ಣು, ಗಡ್ಡೆ ಇರಲಿಲ್ಲ. ಹಿಂದಿನಿಂದ ನಾಡಿಯಂತೆ ಮಿಡಿಯುವ ಉಬ್ಬು ಇತ್ತು. ಕೆಲವು ವಾರ ಬಿಟ್ಟು, ಕಿಡ್ನಿ ಸರಿಯಿದೆ ಎಂದು ನೋಡಿಕೊಂಡು ಸಿಟಿ ಆಂಜಿಯೋಗ್ರಾಂ ಮಾಡಿಸಿದೆವು. ನಾಳ ಅನ್ನನಾಳದ ಹಿಂದೆಯೇ ಹಾದಿತ್ತು. ಅದು ಹುಟ್ಟುವ ಜಾಗದಲ್ಲಿ ಬಲೂನಿನಂತೆ ಊದಿಕೊಂಡಿದೆಯಾ ಎಂಬುದೇ ನಮಗೆ ಬೇಕಿದ್ದ ಉತ್ತರ. ಊದಿಕೊಂಡಿದ್ದರೆ, ಅಥವಾ ಊಟವೇ ಇಳಿಯದಂತಾಗಿದ್ದರೆ, ಶಸ್ತ್ರಚಿಕಿತ್ಸೆಯ ಮಾತು ಬರುತ್ತದೆ. ಇವರಲ್ಲಿ ಊತ ಇರಲಿಲ್ಲ. ಮೆತ್ತಗಿನ ಊಟ, ಸಣ್ಣ ತುತ್ತು, ನಿಧಾನವಾಗಿ ಉಣ್ಣುವುದು, ಇಷ್ಟರಲ್ಲೇ ಅವರು ಚೆನ್ನಾಗಿದ್ದಾರೆ.

ಮೂರನೆಯದು ಬರೆದು ಕೊಡುವುದು. ಡಿಸ್ಚಾರ್ಜ್ ಪತ್ರದ ಮೂಲೆಯಲ್ಲಿ ಇಂಗ್ಲಿಷಿನಲ್ಲಿ ಒಂದು ಸಾಲು ಬರೆದರೆ ಅದನ್ನು ಯಾರೂ ಓದುವುದಿಲ್ಲ. ನಾವು ಬೇರೆ ಚೀಟಿಯಲ್ಲಿ, ಕನ್ನಡ ಮತ್ತು ಇಂಗ್ಲಿಷ್ ಎರಡರಲ್ಲೂ ಬರೆದು ಕೊಟ್ಟೆವು. ಮುಂದೆ ಆಂಜಿಯೋಗ್ರಾಂ ಬೇಕಾದರೆ ಎಡಗೈಯಿಂದ ಮಾಡಿ. ಥೈರಾಯ್ಡ್ ಆಪರೇಷನ್ ಆಗುವುದಾದರೆ ಸರ್ಜನ್‌ಗೆ ಈ ಚೀಟಿ ತೋರಿಸಿ. ಈ ರಚನೆ ಇರುವವರಲ್ಲಿ ಧ್ವನಿಪೆಟ್ಟಿಗೆಗೆ ಹೋಗುವ ಬಲಬದಿಯ ನರ ಕೆಳಗೆ ಸುತ್ತಿ ಬರದೆ ನೇರವಾಗಿ ಬರುತ್ತದೆ. ಗೊತ್ತಿಲ್ಲದೆ ಕತ್ತರಿಸಿಬಿಟ್ಟರೆ ಧ್ವನಿ ಕೆಡುತ್ತದೆ. ಮೂಗಿನ ಮೂಲಕ ಹೊಟ್ಟೆಗೆ ಟ್ಯೂಬ್ ಹಾಕುವುದಾದರೆ ಬಹಳ ದಿನ ಬಿಡಬೇಡಿ. ಹಿಂದೆ ಮಿಡಿಯುವ ನಾಳ, ಮುಂದೆ ಗಟ್ಟಿ ಟ್ಯೂಬ್, ನಡುವೆ ಅನ್ನನಾಳದ ಗೋಡೆ ಸವೆದು ರಕ್ತ ನುಗ್ಗಿದ ಪ್ರಕರಣಗಳಿವೆ. ಅನ್ನನಾಳದಲ್ಲಿ ಎಕೋ ಪ್ರೋಬ್ ಇಳಿಸಿದಾಗ ಬಲಗೈಯ ನಾಡಿ ಕ್ಷೀಣಿಸಬಹುದು, ಅರಿವಳಿಕೆ ವೈದ್ಯರು ಬಿಪಿಯನ್ನು ಎಡಗೈಯಲ್ಲಿ ನೋಡುವುದು ಒಳ್ಳೆಯದು. ಈ ಚೀಟಿಯನ್ನು ಮಗ ಲ್ಯಾಮಿನೇಟ್ ಮಾಡಿಸಿದ್ದಾರೆ.

ಮಗ ಕೇಳಿದ ಪ್ರಶ್ನೆಯನ್ನು ಬೇರೆ ಮನೆಗಳವರೂ ಕೇಳುತ್ತಾರೆ: 'ನಮಗೂ, ಮಕ್ಕಳಿಗೂ ಇದು ಇರಬಹುದಾ ಸಾರ್? ಸ್ಕ್ಯಾನ್ ಮಾಡಿಸ್ಬೇಕಾ?' ಸಾಮಾನ್ಯವಾಗಿ ಇದು ಮನೆತನದಲ್ಲಿ ಇಳಿದು ಬರುವಂಥದ್ದಲ್ಲ. ನುಂಗಲು ಕಷ್ಟವಿಲ್ಲದವರಿಗೆ ಸ್ಕ್ಯಾನ್ ಬೇಡ, ಅದರ ಖರ್ಚೂ ಬೇಡ, ಎಕ್ಸ್‌ರೇ ಕಿರಣವೂ ಬೇಡ. ಮನೆಯಲ್ಲಿ ಇಳಿದು ಬರುವುದು ಬಿಪಿ ಮತ್ತು ಶುಗರ್. ಅವೆರಡನ್ನು ಊರಿನ ಆರೋಗ್ಯ ಕೇಂದ್ರದಲ್ಲೇ ನೋಡಿಸಿಕೊಳ್ಳಿ ಎಂದು ಹೇಳಿ ಕಳಿಸಿದೆವು.

ಈಗ ನಮ್ಮಲ್ಲಿ ಆಂಜಿಯೋಗ್ರಾಂಗೆ ಮೊದಲು ತುಂಬುವ ಪಟ್ಟಿಯಲ್ಲಿ ಊಟದ ಪ್ರಶ್ನೆಯೂ ಇದೆ. ಗಟ್ಟಿ ಊಟ ಬಿಟ್ಟಿದ್ದೇನೆ ಎಂದವರಿಗೆ ಎರಡೂ ಮಣಿಕಟ್ಟು ಸಿದ್ಧ ಮಾಡಿಕೊಂಡೇ ಶುರು ಮಾಡುತ್ತೇವೆ. ವೈರ್ ಇಳಿಭಾಗಕ್ಕೆ ಹೋಗಿ, ಉಸಿರು ಎಳೆಸಿದರೂ ತಿರುಗದಿದ್ದರೆ, ಮುಂದಿನ ಕ್ಯಾಥೆಟರ್ ಬಿಚ್ಚುವ ಮೊದಲು ಟೆಕ್ನಿಷಿಯನ್ ಕ್ಯಾಮೆರಾವನ್ನು ಎಡಕ್ಕೆ 40 ಡಿಗ್ರಿಗೆ ತರುತ್ತಾರೆ.